ಊರಿನ ಶಾಲೆಯ ಉಳಿದರ್ಧ ಮುಂಬಯಿಯಲ್ಲಿತ್ತು: ಕನ್ನಡ ರಾತ್ರಿ ಶಾಲೆಗಳ ಕಥೆ

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗಾಗಿ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಮಾತಿನ ಭರದಲ್ಲಿ ಬಿಟ್ಟುಹೋದ ಇಸವಿಗಳನ್ನು ಸೇರಿಸಿ ಇಲ್ಲಿ ಹಾಕಿದ್ದೇನೆ.

ಇವತ್ತಿನ ವಿಷಯ ಶಾಲೆ. ಅದರಲ್ಲೂ ಹಳ್ಳಿ ಶಾಲೆ. ಮುಂಬಯಿಯಲ್ಲಿ ಕೂತು ಹಳ್ಳಿ ಶಾಲೆಯ ಮಾತು ಯಾಕೆ ಅಂತ ಕೇಳಬಹುದು. ಕಾರಣ ಇಷ್ಟೇ. ದಕ್ಷಿಣ ಕನ್ನಡದ ಎಷ್ಟೋ ಹಳ್ಳಿ ಶಾಲೆಗಳ ಇತಿಹಾಸ ಆ ಹಳ್ಳಿಯಲ್ಲೇ ಮುಗಿಯೋದಿಲ್ಲ. ಶುರುವಾಗೋದು ಅಲ್ಲಿ, ಮುಗಿಯೋದು ಮುಂಬಯಿಯ ಫೋರ್ಟಿನಲ್ಲಿ, ರಾತ್ರಿ ಒಂಬತ್ತೂವರೆಗೆ, ಟ್ಯೂಬ್‌ಲೈಟಿನ ಕೆಳಗೆ. ಶಾಲೆಯ ಮೊದಲರ್ಧ ಊರಲ್ಲಿ, ಉಳಿದರ್ಧ ಇಲ್ಲಿ. ಈ ಎರಡು ಅರ್ಧಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಕಥೆ ಪೂರ್ತಿ ಆಗೋದು.

ಎರಡು ಕನ್ನಡ ನಾಡು, ಎರಡು ಮುಂಬಯಿ

ಮೊದಲು ಸ್ವಲ್ಪ ಭೂಗೋಳ. 1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ಮಾತಾಡೋ ಜನ ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದರು, ಇದು ನಮಗೆಲ್ಲ ಪಾಠದಲ್ಲಿ ಬಂದಿದೆ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿ ಪ್ರಾಂತದಲ್ಲಿ. ಉತ್ತರ ಕನ್ನಡ ಮೊದಲು ಮದ್ರಾಸಿನ ಕೆಳಗಿತ್ತು, 1862ರಲ್ಲಿ ಮುಂಬಯಿಗೆ ಸೇರಿತು. ದಕ್ಷಿಣ ಕನ್ನಡ ಮಾತ್ರ ಕೊನೆವರೆಗೂ ಮದ್ರಾಸಿನಲ್ಲೇ ಉಳಿಯಿತು.

ಹಾಗಾಗಿ ಧಾರವಾಡದ ಕಡೆಯವರಿಗೆ ಮುಂಬಯಿ ಅಂದರೆ ಸರ್ಕಾರ. ಶಾಲಾ ಖಾತೆಯ ಆದೇಶ ಬರೋದು ಆ ಕಡೆಯಿಂದ, ಕಾಲೇಜಿನ ಪದವಿ ಕೊಡೋದು 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅಲ್ಲಿವರೆಗೆ ಮೆಟ್ರಿಕ್ ಮುಗಿಸಿದ ಹುಡುಗ ಮುಂದೆ ಓದಬೇಕಿದ್ದರೆ ಪುಣೆ ಅಥವಾ ಮುಂಬಯಿ ಹಾದಿ ಹಿಡಿಯಬೇಕಿತ್ತು. ಇನ್ನೊಂದು ಮಜಾ ಸಂಗತಿ ಕೇಳಿ. ಇವತ್ತು ಧಾರವಾಡದ ಹೆಮ್ಮೆಯಾಗಿರೋ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಶುರುವಾದದ್ದು ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು.

ದಕ್ಷಿಣ ಕನ್ನಡದವರ ಮುಂಬಯಿ ಬೇರೆ. ಅವರ ಸರ್ಕಾರ ಮದ್ರಾಸಿನಲ್ಲಿ, ಆದರೆ ಅವರ ಹೊಟ್ಟೆಪಾಡು ಬೊಂಬಾಯಿಯಲ್ಲಿ. ಮಂಗಳೂರಿನ ಕಡೆಯಿಂದ ಉಗಿಹಡಗು ಹತ್ತಿ ಕರಾವಳಿಗುಂಟ ಉತ್ತರಕ್ಕೆ ಬಂದರೆ ಮುಂಬಯಿ ಧಕ್ಕೆ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ಅದೂ ಬಂದ್. ಆಮೇಲೆ ಘಟ್ಟ ಹತ್ತಿ ಇಳಿಯೋ ಬಸ್ಸುಗಳು ಬಂದವು. ಕೊಂಕಣ ರೈಲು ಪೂರ್ತಿ ದಾರಿಯಲ್ಲಿ ಓಡಾಡಿದ್ದು 1998ರ ಜನವರಿಯಲ್ಲಿ. ಅಂದರೆ ನಾವು ಮತ್ಸ್ಯಗಂಧಾದಲ್ಲಿ ರಾತ್ರಿ ಮಲಗಿ ಊರಿಗೆ ಹೋಗ್ತೀವಲ್ಲ, ಆ ಸುಖಕ್ಕೆ ಸುಮಾರು ಮೂವತ್ತು ವರ್ಷ ವಯಸ್ಸಷ್ಟೇ.

ಐದನೇ ಕ್ಲಾಸಿಗೆ ಮುಗಿಯುವ ಶಾಲೆ

ಆ ಕಾಲದ ಊರಿನ ಶಾಲೆ ಹೇಗಿತ್ತು? ಸರ್ಕಾರ ಕಟ್ಟಿಸಿದ ಕಟ್ಟಡ ಅನ್ನೋದು ಎಲ್ಲ ಕಡೆ ಇರಲಿಲ್ಲ. ಮೊದಲು ಐಗಳ ಮಠ. ಯಾರದೋ ಮನೆಯ ಚಾವಡಿಯಲ್ಲಿ ಐಗಳು ಕೂತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸೋದು. 1854ರ ವುಡ್ ಶಿಫಾರಸಿನ ನಂತರ ಅನುದಾನ ಪದ್ಧತಿ ಬಂತು. ಊರವರೋ ಮಿಷನ್ನಿನವರೋ ಶಾಲೆ ನಡೆಸಿದರೆ ಸರ್ಕಾರ ಒಂದಷ್ಟು ದುಡ್ಡು ಕೊಡುತ್ತೆ. ದಕ್ಷಿಣ ಕನ್ನಡದಲ್ಲಿ ಇದು ಚೆನ್ನಾಗಿ ಹಿಡಿಯಿತು. ಮಂಗಳೂರಿಗೆ 1834ರಲ್ಲೇ ಬಂದಿದ್ದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದಿದ್ದರು. ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೂ ಮುಂಚೆ, 1891ರಲ್ಲಿ, ಕೆನರಾ ಹೈಸ್ಕೂಲ್ ಕಟ್ಟಿದರು. ಹಳ್ಳಿಗಳಲ್ಲಿ ಮುಳಿಹುಲ್ಲಿನ ಮಾಡು, ಮಣ್ಣಿನ ಗೋಡೆ, ಒಬ್ಬರೇ ಮಾಸ್ಟ್ರು, ನಾಲ್ಕೈದು ಕ್ಲಾಸು. ಮಳೆಗಾಲದಲ್ಲಿ ತೋಡು ತುಂಬಿ ಸಂಕ ಮುಳುಗಿದರೆ ಶಾಲೆಗೆ ರಜೆ.

ಮದ್ರಾಸ್ ಪದ್ಧತಿಯಲ್ಲಿ ಲೋವರ್ ಎಲಿಮೆಂಟರಿ ಅಂದರೆ ಐದನೇ ತರಗತಿ ತನಕ. ಹೈಯರ್ ಎಲಿಮೆಂಟರಿ ಅಂದರೆ ಎಂಟರ ತನಕ, ಕೊನೆಗೆ ಒಂದು ಪರೀಕ್ಷೆ, ಇ.ಎಸ್.ಎಲ್.ಸಿ. ಹೈಸ್ಕೂಲು ಬೇಕಿದ್ದರೆ ಮಂಗಳೂರು, ಉಡುಪಿ, ಕುಂದಾಪುರದಂಥ ಪೇಟೆಗೆ ಹೋಗಬೇಕು. ಫೀಸು ಕಟ್ಟಬೇಕು, ಉಳಿಯಲು ಜಾಗ ಬೇಕು, ಎರಡು ಹೊತ್ತು ಊಟ ಬೇಕು. ಗೇಣಿ ಕೊಟ್ಟು ಉಳಿದ ಭತ್ತದಲ್ಲಿ ಆಟಿ ತಿಂಗಳು ದಾಟಿಸೋದೇ ಕಷ್ಟ ಇರೋ ಮನೆಗೆ ಇದು ಆಗೋ ಮಾತಲ್ಲ.

ಹಾಗಾಗಿ ಐದನೇ ಕ್ಲಾಸು ಮುಗಿಸಿದ ಹುಡುಗನ ಮುಂದೆ ಇದ್ದದ್ದು ಎರಡೇ ದಾರಿ. ಗದ್ದೆ ಅಥವಾ ಬೊಂಬಾಯಿ. ಯಾರೋ ಮಾವ, ದೊಡ್ಡಪ್ಪನ ಮಗ, ಪಕ್ಕದ ಮನೆ ಅಣ್ಣ ರಜೆಗೆ ಬಂದಾಗ ಅವರ ಜೊತೆ ಕಳಿಸೋದು. ಹನ್ನೊಂದು, ಹನ್ನೆರಡು ವರ್ಷ. ನಮ್ಮ ಮಕ್ಕಳನ್ನು ಆ ವಯಸ್ಸಿಗೆ ನಾವು ಲಿಫ್ಟಿನಲ್ಲಿ ಒಬ್ಬರೇ ಬಿಡೋದಕ್ಕೂ ಯೋಚನೆ ಮಾಡ್ತೀವಿ.

ಹಗಲು ಹೋಟೆಲು, ರಾತ್ರಿ ಪಾಠ

ಇಲ್ಲಿ ಬಂದು ಏನು ಮಾಡಿದರು ಅನ್ನೋದು ನಿಮಗೆ ಗೊತ್ತು. ಉಡುಪಿ ಹೋಟೆಲು. ಲೋಟ ತೊಳೆಯೋದು, ಟೇಬಲ್ ಒರೆಸೋದು, ಆಮೇಲೆ ಸಪ್ಲೈಯರ್, ಅದೃಷ್ಟ ಇದ್ದರೆ ಗಲ್ಲಾ. ಮಾಟುಂಗಾ ಸ್ಟೇಷನ್ ಎದುರು ಎ. ರಾಮ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟಕ್ಕೆ ಇವತ್ತೂ ಕ್ಯೂ ನಿಲ್ಲುತ್ತಾರೆ. ಆದರೆ ಹೋಟೆಲ್ ಕಥೆಯನ್ನು ಎಲ್ಲರೂ ಹೇಳಿದ್ದಾರೆ. ಆ ಹೋಟೆಲಿನ ಹುಡುಗರು ಸಂಜೆ ಎಲ್ಲಿಗೆ ಹೋಗುತ್ತಿದ್ದರು ಅನ್ನೋದನ್ನು ಅಷ್ಟಾಗಿ ಯಾರೂ ಹೇಳೋದಿಲ್ಲ.

ಅವರಲ್ಲಿ ಹಲವರು ಹೋಗುತ್ತಿದ್ದದ್ದು ರಾತ್ರಿ ಶಾಲೆಗೆ.

ರಾತ್ರಿ ಶಾಲೆ ಅನ್ನೋ ಕಲ್ಪನೆ ಕನ್ನಡಿಗರು ತಂದದ್ದಲ್ಲ. ಜೋತಿರಾವ್ ಫುಲೆಯವರು ಪುಣೆಯಲ್ಲಿ 1855ರಲ್ಲೇ ರೈತರಿಗೆ, ಕೂಲಿಕಾರರಿಗೆ ರಾತ್ರಿ ಪಾಠ ಶುರುಮಾಡಿದ್ದರು. ಮುಂಬಯಿಯಲ್ಲಿ ಹತ್ತಿಗಿರಣಿಗಳು ಎದ್ದಮೇಲೆ ಮಕ್ಕಳ ದುಡಿಮೆ ದೊಡ್ಡ ವಿಷಯವಾಯಿತು. 1881ರ ಮೊದಲ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ಮಾತ್ರ ತಡೆಯಿತು. ಏಳರಿಂದ ಹನ್ನೆರಡರ ಮಕ್ಕಳು ದಿನಕ್ಕೆ ಒಂಬತ್ತು ತಾಸು ದುಡಿಯಬಹುದಿತ್ತು! 1911ರಲ್ಲಿ ಎನ್.ಎಂ. ಜೋಶಿಯವರು ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಕಾರ್ಮಿಕರ ನಡುವೆ ಲೈಬ್ರರಿ, ರಾತ್ರಿ ಶಾಲೆ ನಡೆಸಿದರು. ಈ ನಗರದಲ್ಲಿ ಹಗಲು ದುಡಿಯೋನು ರಾತ್ರಿ ಓದಬಹುದು ಅನ್ನೋ ಗಾಳಿ ಆಗಲೇ ಬೀಸುತ್ತಿತ್ತು.

ಆ ಗಾಳಿಯನ್ನು ಹಿಡಿದುಕೊಂಡವರು ನಮ್ಮ ಕರಾವಳಿಯವರು. ಸಂಘಗಳ ಇಸವಿ ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902. ಮೈಸೂರು ಅಸೋಸಿಯೇಶನ್ 1926. ಬಂಟರ ಸಂಘ 1927. ಬಿಲ್ಲವರ ಅಸೋಸಿಯೇಶನ್ 1932. ಮಾಟುಂಗಾದ ಕರ್ನಾಟಕ ಸಂಘ 1933. ವಡಾಲಾದಲ್ಲಿ ಶಾಲೆ ನಡೆಸುವ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ನಾವೆಲ್ಲ ಎನ್‌ಕೆಇಎಸ್ ಅಂತ ಕರೆಯೋದು, 1939. ಕರ್ನಾಟಕ ಅನ್ನೋ ರಾಜ್ಯ ಹುಟ್ಟೋಕೆ ಎಷ್ಟೋ ಮುಂಚೆ ಇಲ್ಲಿ ಕನ್ನಡದವರ ಸಂಸ್ಥೆಗಳು ನಿಂತಿದ್ದವು. ಮೊಗವೀರರು, ಬಂಟರು, ಬಿಲ್ಲವರು, ಮೂರೂ ಸಮುದಾಯಗಳು ರಾತ್ರಿ ಶಾಲೆ ನಡೆಸಿದವು. ಮೊಗವೀರರ ಶಾಲೆ ಇವುಗಳಲ್ಲಿ ಹಳೆಯದು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಇವೆಲ್ಲ ಬಹುಪಾಲು ಜಾತಿ ಸಂಘಗಳು. ಇವತ್ತಿನ ನಮ್ಮ ಕಿವಿಗೆ ಅದು ಇರುಸುಮುರುಸು. ಆದರೆ ಯೋಚನೆ ಮಾಡಿ. ಆ ಹುಡುಗನನ್ನು ಮುಂಬಯಿಗೆ ಕರೆತಂದ ದಾರಿ ಯಾವುದು? ನೆಂಟಸ್ತಿಕೆ. ಕೆಲಸ ಕೊಡಿಸಿದ್ದು, ಮಲಗೋಕೆ ಖೋಲಿಯಲ್ಲಿ ಮೂಲೆ ಕೊಟ್ಟಿದ್ದು, ಜ್ವರ ಬಂದರೆ ನೋಡಿಕೊಂಡಿದ್ದು ಅದೇ ನೆಂಟಸ್ತಿಕೆ. ನೆಟ್‌ವರ್ಕ್ ಅದೊಂದೇ ಇತ್ತು, ಶಾಲೆಯೂ ಅದರ ಮೇಲೇ ಕೂತಿತು. ಇದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಇದ್ದದ್ದು ಹಾಗೆ. ಯಾರ ಹಿಂದೆ ಅಂಥ ಸಂಘ ಇರಲಿಲ್ಲವೋ ಅವನ ದಾರಿ ಇನ್ನೂ ಕಷ್ಟದ್ದಾಗಿತ್ತು ಅನ್ನೋದನ್ನೂ ಮರೆಯೋದು ಬೇಡ.

ಫೋರ್ಟೇ ಯಾಕೆ?

ಕನ್ನಡ ರಾತ್ರಿ ಶಾಲೆಗಳು ಫೋರ್ಟಿನ ಸುತ್ತಮುತ್ತ ಹೆಚ್ಚು ಕಾಣಿಸುತ್ತವೆ. ಕನ್ನಡದವರು ಹೆಚ್ಚು ವಾಸ ಇದ್ದ ಮಾಟುಂಗಾ, ವಡಾಲಾ, ಸಾಂತಾಕ್ರೂಜ್ ಬಿಟ್ಟು ಫೋರ್ಟ್ ಯಾಕೆ?

ನನ್ನ ಲೆಕ್ಕ ಹೀಗಿದೆ. ಬಡಾವಣೆಯ ಹೋಟೆಲಿಗೆ ಸಂಜೆ ಏಳರಿಂದ ಹತ್ತು ತುಂಬ ಗಿರಾಕಿ ಇರೋ ಹೊತ್ತು. ಆ ಹೊತ್ತಲ್ಲಿ ಹುಡುಗನನ್ನು ಯಾವ ಮಾಲೀಕ ಬಿಡ್ತಾನೆ? ಫೋರ್ಟ್ ಹಾಗಲ್ಲ. ಅದು ಆಫೀಸುಗಳ ಊರು. ಬ್ಯಾಂಕು, ಇನ್ಶೂರೆನ್ಸ್, ಹಡಗು ಕಂಪನಿ, ಕೋರ್ಟು. ಅಲ್ಲಿನ ಕ್ಯಾಂಟೀನು, ಲಂಚ್ ಹೋಮುಗಳ ಜೀವ ಇರೋದು ಬೆಳಿಗ್ಗೆಯಿಂದ ಸಂಜೆ ತನಕ. ಬಾಬುಗಳು ಚರ್ಚ್‌ಗೇಟ್, ವಿ.ಟಿ. ಕಡೆ ಹೊರಟರೆ ಬೀದಿ ಖಾಲಿ. ಹುಡುಗನ ಕೈ ಖಾಲಿ. ಅದೇ ಹೊತ್ತಿಗೆ ಹಗಲು ಶಾಲೆಗಳ ಕಟ್ಟಡವೂ ಖಾಲಿ. ಎರಡು ಖಾಲಿ ಸೇರಿದ ಜಾಗದಲ್ಲಿ ಒಂದು ಶಾಲೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆಫ್-ಪೀಕ್‌ನಲ್ಲಿ ಸುಮ್ಮನೆ ಕೂತಿರೋ ಸರ್ವರನ್ನು ಇನ್ನೊಂದು ಕೆಲಸಕ್ಕೆ ಬಳಸಿಕೊಂಡ ಹಾಗೆ.

ಸಂಜೆ ಆರೂವರೆ ಹೊತ್ತಿಗೆ ಶುರು, ಒಂಬತ್ತೂವರೆ ಹೊತ್ತಿಗೆ ಮುಕ್ತಾಯ, ಇದು ಮುಂಬಯಿ ರಾತ್ರಿ ಶಾಲೆಗಳ ಸಾಮಾನ್ಯ ವೇಳೆ. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚಿನಲ್ಲಿ ರಾತ್ರಿ ಮೀಸೆ ಬಂದ ಹುಡುಗರು ಮೊಣಕಾಲು ಮಡಚಿ ಕೂರೋದು. ಪಾಠ ಹೇಳುವವರಲ್ಲಿ ಹಗಲು ಬೇರೆ ಶಾಲೆಯಲ್ಲಿ ದುಡಿದು ಬಂದ ಮಾಸ್ಟ್ರುಗಳೇ ಹೆಚ್ಚು. ವಿದ್ಯಾರ್ಥಿ ನಿದ್ದೆಗಣ್ಣಲ್ಲಿ, ಮಾಸ್ಟ್ರೂ ನಿದ್ದೆಗಣ್ಣಲ್ಲಿ. ಶಾಲೆ ಬಿಟ್ಟು ಹೋದರೆ ಮಲಗೋದು ಹೋಟೆಲಿನ ಟೇಬಲ್ ಮೇಲೆ, ಬೆಳಿಗ್ಗೆ ಹಾಲು ಬರೋ ಮುಂಚೆ ಏಳಬೇಕು. ಮನೆಪಾಠ ಅಂತ ಕೊಟ್ಟರೆ ಎಲ್ಲಿ ಬರೆಯೋದು, ಯಾವಾಗ ಬರೆಯೋದು?

ಇನ್ನೊಂದು ಪ್ರಶ್ನೆ. ಕನ್ನಡದಲ್ಲೇ ಯಾಕೆ? ಈ ಹುಡುಗರಲ್ಲಿ ಬಹಳಷ್ಟು ಜನರ ಮನೆಮಾತು ತುಳು. ಕೆಲವರದ್ದು ಕೊಂಕಣಿ, ಕೆಲವರದ್ದು ಕುಂದಾಪುರದ ಕನ್ನಡ. ಬೀದಿಯಲ್ಲಿ ಮಾತಾಡೋದು ಬಂಬಯ್ಯಾ ಹಿಂದಿ, ಮರಾಠಿ. ತುಳು ಹುಡುಗನಿಗೆ ಕನ್ನಡ ಅಂದರೆ ಅಮ್ಮನ ಭಾಷೆ ಅಲ್ಲ, ಮಾಸ್ಟ್ರ ಭಾಷೆ. ಊರಿನ ಒಂಟಿ ಶಾಲೆಯಲ್ಲಿ ಐದು ವರ್ಷ ಅವನು ಓದೋಕೆ, ಲೆಕ್ಕ ಮಾಡೋಕೆ ಕಲಿತದ್ದು ಆ ಭಾಷೆಯಲ್ಲಿ. ಮುಂಬಯಿಯಲ್ಲಿ ಆರನೇ ಕ್ಲಾಸಿಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೂತರೆ ಆ ಐದು ವರ್ಷ ನೀರಿಗೆ ಹೋದ ಹಾಗೆ. ಕನ್ನಡದಲ್ಲಿ ಕೂತರೆ ಬಿಟ್ಟ ಪುಟದಿಂದಲೇ ಶುರುಮಾಡಬಹುದು. ಭಾಷಾಪ್ರೇಮ ಇರಲಿಲ್ಲ ಅಂತ ನಾನು ಹೇಳ್ತಾ ಇಲ್ಲ. ಆದರೆ ಶಾಲೆಯನ್ನು ಅಷ್ಟು ವರ್ಷ ನಡೆಸಿದ್ದು ಪ್ರೇಮಕ್ಕಿಂತ ಹೆಚ್ಚಾಗಿ ಅಗತ್ಯ.

ಆ ಸರ್ಟಿಫಿಕೇಟು ಏನು ಮಾಡಿತು?

ಎಸ್‌ಎಸ್‌ಸಿ ಪಾಸು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಜೊತೆಗೆ ಟೈಪಿಂಗ್ ಕಲಿತರೆ ಗುಮಾಸ್ತೆ ಕೆಲಸ. ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್, ಕೆನರಾ, ಎಲ್ಲವೂ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು, ಎಲ್ಲದಕ್ಕೂ ಮುಂಬಯಿಯಲ್ಲಿ ಶಾಖೆ. ಇನ್ನೂ ಓದೋ ಹಟ ಇದ್ದವನಿಗೆ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜು ಇತ್ತು, ಅದೂ ಫೋರ್ಟಿನಲ್ಲೇ. ದುಡಿಯುವವರಿಗೆ ಅನುಕೂಲ ಆಗಲಿ ಅಂತ ಅಲ್ಲಿ ಬೆಳಗಿನ ತರಗತಿಗಳು. ಬೆಳಿಗ್ಗೆ ಕಾಲೇಜು, ಹಗಲು ಆಫೀಸು. ಲೋಟ ತೊಳೆದ ಹುಡುಗ ಪದವೀಧರ ಆಗೋ ಮೆಟ್ಟಿಲು ಹೀಗೆ ಒಂದೊಂದಾಗಿ ಕೂಡಿಬಂತು.

ಎಲ್ಲರೂ ಹತ್ತಲಿಲ್ಲ. ಅರ್ಧದಲ್ಲಿ ಬಿಟ್ಟವರು, ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಕೂರದವರು, ಶಾಲೆಯ ಮೆಟ್ಟಿಲನ್ನೇ ಹತ್ತದವರು ಬೇಕಾದಷ್ಟು ಜನ. ಹತ್ತಿದವರ ಕಥೆ ಮಾತ್ರ ಸನ್ಮಾನ ಸಭೆಯಲ್ಲಿ ಕೇಳಿಬರುತ್ತೆ, ಉಳಿದವರದ್ದು ಬರಲ್ಲ.

ಇನ್ನೊಂದು ದೊಡ್ಡ ಗೈರುಹಾಜರಿ ಹೆಣ್ಣುಮಕ್ಕಳದ್ದು. ಮುಂಬಯಿಗೆ ಬಂದದ್ದು ಹುಡುಗ, ರಾತ್ರಿ ಶಾಲೆ ಸಿಕ್ಕಿದ್ದೂ ಹುಡುಗನಿಗೆ. ಅದೇ ಐದನೇ ಕ್ಲಾಸಿನಲ್ಲಿ ಅವನ ಪಕ್ಕದ ಸಾಲಲ್ಲಿ ಕೂತಿದ್ದ ಅಕ್ಕನೋ ತಂಗಿಯೋ ಊರಲ್ಲೇ ಉಳಿದಳು. ಗದ್ದೆ ನೇಜಿ ನೆಟ್ಟಳು, ಬೀಡಿ ಕಟ್ಟಿದಳು, ತಮ್ಮ ಬೊಂಬಾಯಿಯಿಂದ ಬರೆದ ಇನ್‌ಲ್ಯಾಂಡ್ ಪತ್ರವನ್ನು ಅಮ್ಮನಿಗೆ ಓದಿ ಹೇಳಿದಳು. ಅವಳ ಶಾಲೆಯ ಉಳಿದರ್ಧ ಎಲ್ಲೂ ಇರಲಿಲ್ಲ. ಈ ಕಥೆಯನ್ನು ಸಾಹಸಗಾಥೆ ಮಾಡುವಾಗ ಈ ಸಾಲನ್ನು ಬಿಡಬಾರದು.

ಓದಿದ ಹುಡುಗರಿಂದ ಮುಂಬಯಿಗೆ ಇನ್ನೊಂದು ಲಾಭವೂ ಆಯಿತು. ಯಶವಂತ ಚಿತ್ತಾಲರು, ವ್ಯಾಸರಾಯ ಬಲ್ಲಾಳರು ಇಲ್ಲಿ ಕೂತು ಕನ್ನಡ ಕಾದಂಬರಿ ಬರೆದರು. ಚಿತ್ತಾಲರಿಗೆ 1983ರಲ್ಲಿ, ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಹೆಸರುಗಳು ನಮಗೆ ಗೊತ್ತು. ಆದರೆ ಸಂಘದ ವಾಚನಾಲಯದಲ್ಲಿ ಪುಸ್ತಕ ತೆಗೆದುಕೊಂಡು ಹೋದವನು, ನಾಟಕ-ಯಕ್ಷಗಾನಕ್ಕೆ ಟಿಕೆಟ್ ಕೊಂಡವನು, ಕನ್ನಡ ಪೇಪರಿಗೆ ಚಂದಾ ಕಟ್ಟಿದವನು ಯಾರು? ಅವರಲ್ಲಿ ರಾತ್ರಿ ಶಾಲೆಯಲ್ಲಿ ಓದು ಕಲಿತವರು ಇರಲೇಬೇಕು. ಲೇಖಕ ಇದ್ದರೆ ಸಾಲದು, ಓದುಗನೂ ತಯಾರಾಗಬೇಕು.

ದುಡ್ಡು ವಾಪಸು ಹೋದ ದಾರಿ

ಈಗ ಕಥೆ ತಿರುಗುತ್ತೆ. ಊರಿಗೆ ಹೋದಾಗ ಹಳೆಯ ಶಾಲೆಯ ಗೋಡೆ ನೋಡಿ. ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಬಾಗಿಲ ಪಕ್ಕ ಒಂದು ಅಮೃತಶಿಲೆ ಫಲಕ ಇರುತ್ತೆ. ಈ ಕೊಠಡಿ ಕಟ್ಟಿಸಿದವರು ಇಂಥವರು. ಹೆಸರಿನ ಮುಂದೆ ಒಂದು ಕಾಮಾ, ಆಮೇಲೆ ಮುಂಬಯಿ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬಯಿ ಸಮಿತಿ ಇರೋ ಹಾಗೆ ಶಾಲೆಯ ಶತಮಾನೋತ್ಸವಕ್ಕೂ ಮುಂಬಯಿ ಸಮಿತಿ. ಐದನೇ ಕ್ಲಾಸಿಗೆ ಬಿಟ್ಟವನು ಐವತ್ತನೇ ವಯಸ್ಸಿಗೆ ಆರನೇ ಕ್ಲಾಸಿನ ಕೊಠಡಿ ಕಟ್ಟಿಸಿಕೊಟ್ಟ.

ಇದರ ಜೊತೆಗೆ ಸರ್ಕಾರದ ಶಾಲೆಗಳೂ ಹೆಚ್ಚಿದವು, ಹೈಸ್ಕೂಲು ಹಳ್ಳಿಯ ಹತ್ತಿರ ಬಂತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಒಕ್ಕಲಿಗೆ ಭೂಮಿ ಸಿಕ್ಕಿತು. ಅಂಥ ಮನೆಯ ಹುಡುಗನನ್ನು ಹನ್ನೆರಡನೇ ವಯಸ್ಸಿಗೆ ಹಡಗು ಹತ್ತಿಸೋ ತುರ್ತು ಕಡಿಮೆಯಾಯಿತು. ಕಾನೂನು ಕೂಡ ಬಿಗಿಯಾಯಿತು. 1986ರಲ್ಲಿ ಬಾಲಕಾರ್ಮಿಕ ನಿಷೇಧ ಕಾಯ್ದೆ, 2006ರ ಅಕ್ಟೋಬರಿನಿಂದ ಹೋಟೆಲು, ಢಾಬಾ, ಮನೆಗೆಲಸಕ್ಕೆ ಹದಿನಾಲ್ಕರೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. 2010ರ ಏಪ್ರಿಲಿನಿಂದ ಶಿಕ್ಷಣ ಹಕ್ಕು ಜಾರಿ.

ಪರಿಣಾಮ ಏನು? ಫೋರ್ಟಿನ ಬೆಂಚುಗಳು ಖಾಲಿಯಾದವು. ಆಫೀಸುಗಳೂ ಬಿಕೆಸಿ, ಪವಾಯಿ, ಐರೋಲಿ ಕಡೆ ಹೋದವು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಹಗಲು ಶಾಲೆಯಲ್ಲಿ ಕೆಲಸ ಮಾಡುವ ಮಾಸ್ಟ್ರುಗಳು ರಾತ್ರಿ ಶಾಲೆಯಲ್ಲೂ ದುಡಿಯೋದನ್ನು ತಡೆದ ಆದೇಶ ಹೊರಡಿಸಿದಾಗ ಉಳಿದ ರಾತ್ರಿ ಶಾಲೆಗಳಿಗೆ, ಯಾವ ಮಾಧ್ಯಮದ್ದೇ ಇರಲಿ, ಇನ್ನೊಂದು ಪೆಟ್ಟು. ಅತ್ತ ಸಂಘಗಳೂ ಕಾಲಕ್ಕೆ ತಕ್ಕ ಹಾಗೆ ಬದಲಾದವು. ಬಂಟರ ಸಂಘ ಪವಾಯಿಯಲ್ಲಿ ನಡೆಸೋ ಎಸ್.ಎಂ. ಶೆಟ್ಟಿ ಶಾಲೆ ಇಂಗ್ಲಿಷ್ ಮಾಧ್ಯಮದ್ದು, ದೊಡ್ಡದು, ಹೆಸರುವಾಸಿ.

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಂದು ಸಲ ಒಂದು ಫಾರ್ವರ್ಡ್ ಬರುತ್ತೆ. ಮುಂಬಯಿಯ ಕನ್ನಡ ಶಾಲೆ ಮುಚ್ಚಿತು, ಅಯ್ಯೋ ಕನ್ನಡ ಸತ್ತಿತು ಅಂತ. ನಾನು ಅದನ್ನು ಬೇರೆ ಥರ ನೋಡೋಣ ಅಂತೀನಿ. ಹನ್ನೆರಡು ವರ್ಷದ ಹುಡುಗ ಹಗಲಿಡೀ ಲೋಟ ತೊಳೆದು ರಾತ್ರಿ ಓದೋ ಪರಿಸ್ಥಿತಿ ಹೋಯಿತು ಅಂದರೆ ಅದು ಸೋಲಲ್ಲ. ಆ ಶಾಲೆ ತಾನೇ ಬೇಡವಾಗೋ ದಿನ ತರೋಕೆ ದುಡಿಯಿತು, ಆ ದಿನ ಬಂತು. ಕರಾವಳಿಯ ಮಟ್ಟಿಗೆ ಇದು ಕೆಲಸ ಮುಗಿಸಿ ಬಾಗಿಲು ಹಾಕಿದ ಅಂಗಡಿ.

ಆದರೆ "ಕರಾವಳಿಯ ಮಟ್ಟಿಗೆ" ಅಂದೆನಲ್ಲ, ಅಲ್ಲೇ ವಿಷಯ ಇರೋದು.

ಈಗ ಯಾರ ಸರದಿ?

ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ಹೌದು, ಪಾಲಿಕೆಯ ಕನ್ನಡ ಶಾಲೆಗಳು ಇವತ್ತಿಗೂ ಇವೆ. ಪಠ್ಯಪುಸ್ತಕ ಬರೋದು 1967ರಲ್ಲಿ ಹುಟ್ಟಿದ ಪುಣೆಯ ಬಾಲಭಾರತಿಯಿಂದ, ಅವರು ಕನ್ನಡದಲ್ಲೂ ಅಚ್ಚು ಹಾಕ್ತಾರೆ. ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ ಹಳ್ಳಿ ಕನ್ನಡ ಶಾಲೆಯಲ್ಲಿ ಓದೋ ಪುಸ್ತಕವೇ ಮುಂಬಯಿಯ ಮಗುವಿನ ಕೈಗೂ. ಇದು ಯಾರದೋ ಔದಾರ್ಯ ಅಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಸೇರಿದ ವಿಧಿ ಅದು.

ಆ ಬೆಂಚಿನಲ್ಲಿ ಈಗ ಕೂತಿರೋ ಮಕ್ಕಳು ಯಾರು? ಹೋಟೆಲ್ ಮಾಲೀಕರ ಮೊಮ್ಮಕ್ಕಳಲ್ಲ. ನಮ್ಮ ನಿಮ್ಮ ಮಕ್ಕಳಂತೂ ಖಂಡಿತ ಅಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಮಳೆ ಕೈಕೊಟ್ಟಾಗ ಹೊರಟು ಬಂದು ಕಟ್ಟಡ ಕೆಲಸ, ರಸ್ತೆ ಕೆಲಸ ಮಾಡೋರ ಮಕ್ಕಳು ಅಲ್ಲಿದ್ದಾರೆ. ನಾವು ಕೂತು ಕೋಡ್ ಬರೆಯೋ ಗಾಜಿನ ಟವರಿಗೆ ಕಾಂಕ್ರೀಟ್ ಹೊತ್ತವರಲ್ಲಿ ಅಂಥವರೂ ಇದ್ದಾರೆ. ತೊಗರಿ ಕೊಯ್ಲಿಗೆ ಊರಿಗೆ ಹೋಗ್ತಾರೆ, ಮಗುವೂ ಜೊತೆಗೆ. ಮತ್ತೆ ಬರ್ತಾರೆ, ಈ ಸಲ ಬೇರೆ ಸೈಟು, ಬೇರೆ ಉಪನಗರ. ಕರಾವಳಿಯ ಹುಡುಗ ಒಂದು ಸಲ ಶಾಲೆ ಬಿಟ್ಟ, ಒಂದು ಸಲ ಮತ್ತೆ ಸೇರಿದ. ಈ ಮಗು ವರ್ಷಕ್ಕೆ ಎರಡು ಸಲ ಬಿಡುತ್ತೆ.

ಇವರ ಹಿಂದೆ 1902ರ ಮಂಡಳಿಯಂಥದ್ದು ಇಲ್ಲ, 1927ರ ಸಂಘದಂಥದ್ದು ಇಲ್ಲ. ಗಲ್ಲಾದ ಮೇಲೆ ಕೂತ ಮಾವ ಇಲ್ಲ. ಪ್ರಾಥಮಿಕ ಮುಗಿದ ಮೇಲೆ ಕನ್ನಡದಲ್ಲಿ ಮುಂದೆ ಓದಬೇಕಿದ್ದರೆ ಇಡೀ ಮಹಾನಗರದಲ್ಲಿ ಬೆರಳೆಣಿಕೆಯ ಜಾಗ, ಅಲ್ಲಿಗೆ ಹೋಗಲು ಲೋಕಲ್ ಪಾಸು, ಜೊತೆಗೆ ಹೋಗೋರು. ಅಂದರೆ ನೂರು ವರ್ಷದ ಹಿಂದೆ ಕುಂದಾಪುರದ ಹುಡುಗನ ಮುಂದೆ ನಿಂತಿದ್ದ ಗೋಡೆ ಇವತ್ತು ಯಾದಗಿರಿಯ ಹುಡುಗಿಯ ಮುಂದೆ ನಿಂತಿದೆ. ಶಾಲೆ ಮುಗಿಯೋ ಕ್ಲಾಸು ಬದಲಾಗಿರಬಹುದು, ಗೋಡೆ ಅದೇ.

ನಮ್ಮ ತಲೆಮಾರು ಮುಂಬಯಿಗೆ ಬಂದದ್ದು ಆಫರ್ ಲೆಟರ್ ಹಿಡಿದು. ನಮಗೆ ಇಲ್ಲಿ ಶಾಲೆ ಬೇಕಾಗಿರಲಿಲ್ಲ. ಓದು ಮುಗಿಸಿಕೊಂಡೇ ಬಂದೆವು, ಹಾಗಾಗಿ ನಾವು ಯಾವ ಶಾಲೆಯನ್ನೂ ಕಟ್ಟಲಿಲ್ಲ. ದುಬೈಯ ಕನ್ನಡ ಪಾಠಶಾಲೆಯ ಹಾಗೆ ವಾರಾಂತ್ಯದ ಕನ್ನಡ ಕ್ಲಾಸು ನಡೆಸೋ ಗೆಳೆಯರು ಬೇರೆ ಬೇರೆ ಊರಲ್ಲಿದ್ದಾರೆ. ಅದು ಒಳ್ಳೆ ಕೆಲಸ, ಮುಂದುವರಿಯಲಿ. ಆದರೆ ಅದು ನಮ್ಮ ಮಕ್ಕಳಿಗೆ ಕನ್ನಡ ಉಳಿಸಿಕೊಳ್ಳೋ ಕ್ಲಾಸು. ರಾತ್ರಿ ಶಾಲೆ ಬೇರೆಯದು, ಕನ್ನಡ ಬಿಟ್ಟರೆ ಬೇರೆ ದಾರಿ ಇಲ್ಲದವನಿಗೆ ಮುಂದಿನ ಕ್ಲಾಸು. ಇವೆರಡನ್ನೂ ಒಂದೇ ಅಂದುಕೊಂಡರೆ ಯಾರಿಗೆ ಏನು ಬೇಕು ಅನ್ನೋದು ಕಾಣಿಸೋದಿಲ್ಲ.

ಎರಡು ರಿಜಿಸ್ಟರು, ಒಂದು ಕಾಲಂ

ಹಾಗಾದರೆ ಮಾಡೋದೇನು? ಎರಡು ಕೆಲಸ ಹೇಳ್ತೀನಿ. ಎರಡೂ ನಮ್ಮಿಂದ ಆಗುವಂಥದ್ದು.

ಒಂದು, ದಾಖಲೆ. ಮಹಾರಾಷ್ಟ್ರದ ಪ್ರತಿ ಶಾಲೆಯಲ್ಲೂ ಜನರಲ್ ರಿಜಿಸ್ಟರ್ ಅಂತ ಇರುತ್ತೆ. ಅದರಲ್ಲಿ ಹುಡುಗನ ಹೆಸರು, ಹುಟ್ಟಿದ ಊರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಜೊತೆಗೆ ಒಂದು ಕಾಲಂ, ಹಿಂದೆ ಓದಿದ ಶಾಲೆ. ಡೇಟಾಬೇಸ್ ಕೆಲಸ ಮಾಡೋರಿಗೆ ತಕ್ಷಣ ಹೊಳೆಯುತ್ತೆ. ಊರಿನ ಶಾಲೆಯ ದಾಖಲಾತಿ ಪುಸ್ತಕ ಒಂದು ಟೇಬಲ್ಲು, ಮುಂಬಯಿ ರಾತ್ರಿ ಶಾಲೆಯ ರಿಜಿಸ್ಟರು ಇನ್ನೊಂದು ಟೇಬಲ್ಲು. ಎರಡನ್ನೂ ಜೋಡಿಸೋ ಕೀ ಆ ಒಂದು ಕಾಲಂ. ಯಾವ ಹಳ್ಳಿಯಿಂದ ಎಷ್ಟು ಹುಡುಗರು, ಯಾವ ವಯಸ್ಸಿಗೆ, ಎಷ್ಟು ವರ್ಷದ ಅಂತರ ಬಿಟ್ಟು ಮತ್ತೆ ಶಾಲೆ ಸೇರಿದರು ಅಂತ ತಿಳಿಯೋ ದಾರಿ ಅದು. ಕಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ಹಳೆಯ ಸಂಘಗಳಿವೆ, ಅವರ ಜೊತೆ ಸೇರಿ ಅನುಮತಿ ಪಡೆದು ಸ್ಕ್ಯಾನ್ ಮಾಡೋದು ಕೆಲವು ವಾರಾಂತ್ಯಗಳ ಕೆಲಸ. ಕಾಗದ ಗೆದ್ದಲಿಗೆ ಹೋಗೋ ಮುಂಚೆ ಆಗಬೇಕು. ಒಂದು ಎಚ್ಚರ, ಆ ಪುಸ್ತಕದಲ್ಲಿ ಜಾತಿ ಇರುತ್ತೆ, ಹೆಸರು ಇರುತ್ತೆ. ಲೆಕ್ಕ ಪ್ರಕಟಿಸಿ, ಹೆಸರು ಬೇಡ.

ಎರಡು, ನಿಮ್ಮ ಮನೆ ಅಥವಾ ಆಫೀಸಿನ ಹತ್ತಿರ ಪಾಲಿಕೆಯ ಕನ್ನಡ ಶಾಲೆ ಎಲ್ಲಿದೆ ಅಂತ ಹುಡುಕಿ. ಹೋಗಿ ಮುಖ್ಯೋಪಾಧ್ಯಾಯರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಕೊನೆಯ ಕ್ಲಾಸು ಮುಗಿಸಿದ ಮಕ್ಕಳು ಹೋದ ವರ್ಷ ಎಲ್ಲಿಗೆ ಹೋದರು? ಕಂಪ್ಯೂಟರ್ ದಾನ, ಬಣ್ಣ ಬಳಿಯೋದು, ಫೋಟೋ, ಇವೆಲ್ಲ ಆಮೇಲೆ. ಮೊದಲು ಆ ಉತ್ತರ. ಉತ್ತರದಲ್ಲಿ ಲೋಕಲ್ ಪಾಸಿನ ತೊಂದರೆ ಇದ್ದರೆ ಅದು ಪಾಸಿನಿಂದ ಬಗೆಹರಿಯುತ್ತೆ. ಇಂಗ್ಲಿಷಿಗೋ ಮರಾಠಿಗೋ ದಾಟೋಕ್ಕೆ ಆರು ತಿಂಗಳ ಆಸರೆ ಬೇಕಿದ್ದರೆ ಅದನ್ನು ನಾವು ಸಂಜೆ ಹೊತ್ತು ಕೊಡಬಹುದು. ಮುಂಬಯಿಯ ರಾತ್ರಿ ಶಾಲೆಗಳಿಗೆ ತಿಂಡಿ, ನೋಟ್‌ಪುಸ್ತಕ, ವಿಜ್ಞಾನದ ಪ್ರಯೋಗದ ಸಾಮಾನು ಒದಗಿಸೋ ಮಾಸೂಮ್ ಅನ್ನೋ ಸಂಸ್ಥೆ 2008ರಿಂದ ಕೆಲಸ ಮಾಡ್ತಾ ಇದೆ. ಹೇಗೆ ಮಾಡೋದು ಅಂತ ಕಲಿಯೋಕೆ ನಾವು ದೂರ ಹೋಗಬೇಕಾಗಿಲ್ಲ.

ನಿಮ್ಮ ಮಾವ, ದೊಡ್ಡಪ್ಪ, ಅಜ್ಜ ಯಾರಾದರೂ ಮುಂಬಯಿಯ ರಾತ್ರಿ ಶಾಲೆಯಲ್ಲಿ ಓದಿದ್ದರೆ ಅವರನ್ನು ಈ ಭಾನುವಾರ ಫೋನಿನಲ್ಲಿ ಕೂರಿಸಿ ಮಾತಾಡಿಸಿ. ಯಾವ ಶಾಲೆ, ಯಾವ ವರ್ಷ, ಕೆಲಸದಿಂದ ಎಷ್ಟು ಹೊತ್ತಿಗೆ ಬಿಡ್ತಾ ಇದ್ದರು, ಪುಸ್ತಕ ಯಾರು ಕೊಟ್ಟರು ಅಂತ ಕೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಊರಲ್ಲೇ ಉಳಿದ ಅವರ ಅಕ್ಕ ಇದ್ದರೆ ಅವರನ್ನೂ ಕೇಳಿ, ಎಷ್ಟನೇ ಕ್ಲಾಸಿಗೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ.